ನೀರಿನ ಲೋಟಕ್ಕೆ ಕಾವಲು, ಉಪ್ಪಿನ ಭರಣಿಗೆ?

ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಯಿರುವ ಮನೆಯಲ್ಲಿ ನೀರಿನ ಲೋಟದ ಮೇಲಿರುವ ಕಾವಲು ಉಪ್ಪಿನ ಭರಣಿಯ ಮೇಲೆ ಇರುವುದಿಲ್ಲ. ಮೂತ್ರವೇ ಇಳಿಯದವರ ದೇಹದಲ್ಲಿ ಸುಮಾರು 8 ಗ್ರಾಂ ಉಪ್ಪು 1 ಲೀಟರ್ ನೀರನ್ನು ಹಿಡಿದಿಡುತ್ತದೆ. ಬಾಯಾರಿಕೆಯನ್ನು ಹುಟ್ಟಿಸುವುದೂ ಅದೇ. ಊರಿನಿಂದ ಬಂದ ಮಾವಿನ ಮಿಡಿ, ಹಪ್ಪಳಗಳನ್ನು ಅಕ್ಕರೆಯಿಂದ ಬಡಿಸಿ, ಅನಂತರ ನೀರು ಕುಡಿದರೆಂದು ರೋಗಿಯನ್ನು ಗದರುವುದು ಯಾವ ನ್ಯಾಯ?

ಆರೋಗ್ಯವಂತರ ಮಹಾಧಮನಿಯು ಹೃದಯದ ಪ್ರತಿ ಬಡಿತಕ್ಕೂ ಹಿಗ್ಗಿ ರಕ್ತದ ರಭಸವನ್ನು ತಾಳಿಕೊಳ್ಳುತ್ತದೆ. ಮೂತ್ರಪಿಂಡ ಸೋತವರಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಲವಣಗಳು ಅದರ ಗೋಡೆಯಲ್ಲಿ ಸೇರಿ ಅದನ್ನು ಪೆಡಸಾಗಿಸುತ್ತವೆ. ಹಿಗ್ಗಲಾರದ ನಾಳಕ್ಕೆ ಹೆಚ್ಚಿದ ದ್ರವವೂ ಕೂಡಿದರೆ ರಕ್ತದೊತ್ತಡವೇರಿ, ಹೃದಯದ ಎಡಭಾಗವು ದಣಿದು ದಪ್ಪವಾಗುತ್ತದೆ. ಎರಡು ಮೂರು ದಿನಗಳ ನೀರನ್ನು ಯಂತ್ರವು ಸುಮಾರು 4 ಗಂಟೆಗಳಲ್ಲಿ ಸೆಳೆದಾಗ ಒತ್ತಡ ಒಮ್ಮೆಗೇ ಕುಸಿದು ತಲೆ ಸುತ್ತುವುದೂ ಉಂಟು.

ಚಿಕಿತ್ಸಾ ಕೇಂದ್ರಗಳೂ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಹೆಚ್ಚುವರಿ ನೀರಿಲ್ಲದಾಗಿನ ‘ಒಣ ತೂಕ’ವನ್ನು ಒಮ್ಮೆ ಬರೆದಿಟ್ಟು ತಿಂಗಳುಗಟ್ಟಲೆ ಅದನ್ನೇ ನಂಬುವುದು ಸಲ್ಲದು. ರೋಗಿ ಸೊರಗಿ ಮಾಂಸ ಕರಗಿದಾಗ ಅದರ ಸ್ಥಾನವನ್ನು ನೀರು ತುಂಬಬಹುದು. ತಕ್ಕಡಿಯ ಅಂಕಿ ಮಾತ್ರ ಮೊದಲಿನಂತೆಯೇ ಇರುತ್ತದೆ. ಊಟದ ರುಚಿ, ಕಾಲಿನ ಬಾವು, ಮಲಗಿದಾಗಿನ ಉಬ್ಬಸ ಇವನ್ನೆಲ್ಲ ಮನೆಯವರು ವೈದ್ಯರಿಗೆ ತಿಳಿಸಿ, ತೂಕವನ್ನು ಮರುಪರಿಶೀಲಿಸುವಂತೆ ಕೇಳಬೇಕು. ಇದರಲ್ಲಿ ಸಂಕೋಚವೇಕೆ?

ಅಡಿಗೆಮನೆಯಲ್ಲಿ ಎಲ್ಲರ ಸಾರಿಗೂ ಉಪ್ಪನ್ನು ಕಡಿಮೆ ಹಾಕಿ, ಬೇಕಾದವರು ತಟ್ಟೆಯಲ್ಲಿ ಬೆರೆಸಿಕೊಳ್ಳುವುದು ಲೇಸು. ಆರೋಗ್ಯವಂತರಿಗೂ ದಿನಕ್ಕೆ 5 ಗ್ರಾಂ ಉಪ್ಪಿನೊಳಗಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪನ್ನು ಮಾತ್ರ ಈ ರೋಗಿಗಳಿಗೆ ಕೊಡಬಾರದು. ಅದರಲ್ಲಿ ಬೆರೆತಿರುವ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು.