ಪೆನ್ ಸ್ಟ್ಯಾಂಡ್ ಕಲಿಸಿದ ಪಾಠ

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಶಾಲೆಯ ಸಾಧನೆಗಳನ್ನು ಸ್ಮರಿಸುವವರು ಅನೇಕರಿದ್ದಾರೆ. ನಾನು ನನ್ನದೊಂದು ತಪ್ಪನ್ನು ಸ್ಮರಿಸಬಯಸುತ್ತೇನೆ.

ಹಲವು ವರ್ಷಗಳ ಹಿಂದೆ ಮಕ್ಕಳ ಕರಕುಶಲ ಪ್ರದರ್ಶನಕ್ಕೆ ನಾನೇ ತೀರ್ಪುಗಾರನಾಗಿದ್ದೆ. ಮೇಜಿನ ಮೇಲಿಡುವ ಪೆನ್ ಸ್ಟ್ಯಾಂಡ್ ತಯಾರಿಸುವುದೇ ವಿಷಯ. ಥರ್ಮೊಕೋಲಿಗೆ ಬಣ್ಣದ ಕಾಗದವನ್ನೂ ಮಿನುಗುಪುಡಿಯನ್ನೂ ಅಂಟಿಸಿದ ಗೋಪುರವೊಂದಕ್ಕೆ ಪ್ರಥಮ ಬಹುಮಾನವಿತ್ತೆ. ಬೀಡಿ ಕಟ್ಟಿ ಜೀವಿಸುವ ಮನೆಯ ಹುಡುಗನೊಬ್ಬ ಬೇಲಿಗೆ ತಂದು ಉಳಿದ ಬಿದಿರಿನಿಂದ ಮಾಡಿದ್ದಕ್ಕೆ ಸಮಾಧಾನಕರ ಬಹುಮಾನವೂ ದೊರೆಯಲಿಲ್ಲ.

ಮರುದಿನ ಆ ಗೋಪುರದ ಒಂದು ಬದಿಗೆ ಎರಡು ಪೆನ್ನುಗಳನ್ನಿಟ್ಟೆ, ಅದು ಉರುಳಿತು. ಆಗ ಬಿದಿರಿನದನ್ನು ಕೈಗೆತ್ತಿಕೊಂಡು ನೋಡಿದೆ. ಎತ್ತರದಲ್ಲಿ ಒಂದಕ್ಕಿಂತ ಒಂದು ಕಡಿಮೆಯಾದ ಮೂರು ಕೊಳವೆಗಳು. ಪ್ರತಿಯೊಂದನ್ನೂ ಗಂಟಿನ ಕೆಳಗೆ ಕೊಯ್ದಿದ್ದುದರಿಂದ ಗಂಟೇ ತಳವಾಗಿತ್ತು. ಮೂರನ್ನೂ ತ್ರಿಕೋನವಾಗಿ ಜೋಡಿಸಿ ತೆಂಗಿನ ನಾರಿನ ಹಗ್ಗದಿಂದ ಬಿಗಿದಿದ್ದ. ಎತ್ತರದ ಕೊಳವೆಯೊಳಗೆ ಒಂದು ಹಿಡಿ ಹೊಯ್ಗೆ. ಗುರುತ್ವ ಕೇಂದ್ರವು ಕೆಳಗಿದ್ದು, ಪಾದವು ಅಗಲವಾಗಿದ್ದರೆ ವಸ್ತುವು ಸುಲಭವಾಗಿ ಉರುಳದೆಂದು ನಾವು ಕರಿಹಲಗೆಯ ಮೇಲೆ ಬರೆಯುತ್ತೇವೆ. ಅವನು ಅದನ್ನು ಮಾಡಿಯೇ ತೋರಿಸಿದ್ದ.

ಮೂರು ಎತ್ತರಗಳೇಕೆಂದು ಕೇಳಿದೆ. "ಉದ್ದದ್ದು ಅಡಿಕೋಲಿಗೆ, ನಡುವಿನದು ಪೆನ್ನಿಗೆ. ಮೋಟು ಪೆನ್ಸಿಲು ದೊಡ್ಡದರಲ್ಲಿ ಮುಳುಗಿ ಹೋಗ್ತದೆ ಮಾಷ್ಟ್ರೇ" ಎಂದ. ಹುಳು ಕೊರೆಯದಂತೆ ಬಿದಿರನ್ನು ಕೆಲವು ವಾರ ತೋಡಿನ ನೀರಿನಲ್ಲಿ ಹಾಕಿದ್ದನಂತೆ. ಬಿದಿರಿನ ಪಿಷ್ಟಕ್ಕೆ ಹುಳು ಬೀಳುತ್ತದೆ. ನೆನೆದಾಗ ಆ ಅಂಶ ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಇದನ್ನು ಅವನಿಗೆ ಹೇಳಿಕೊಟ್ಟವರು ಅಜ್ಜ.

ಕೈಕೆಲಸವನ್ನು ನಾವು ಅಲಂಕಾರವೆಂದು ತಿಳಿದಿರುವುದೇ ಮೂಲದೋಷವೆಂದು ನನ್ನ ಅಭಿಪ್ರಾಯ. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕಸುಬನ್ನು ಶಿಕ್ಷಣದ ಕೇಂದ್ರದಲ್ಲಿರಿಸಬೇಕೆಂದರು. ಕಲಿಕೆಯು ಮಾತೃಭಾಷೆಯಲ್ಲಿರಬೇಕೆಂಬುದೂ ಅಲ್ಲಿಯ ನಿರ್ಣಯ. ಇವೆರಡರ ಸಂಬಂಧವು ಕಾಸರಗೋಡಿನಂತಹ ಗಡಿನಾಡಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ನಮ್ಮಲ್ಲಿ ತುಳು, ಮಲಯಾಳ, ಕೊಂಕಣಿ ಮಾತನಾಡುವ ಮನೆಗಳಿಂದಲೂ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಗೆರಟೆ, ಹಾಳೆ, ನಾರು, ಗಂಟು ಎಂಬ ಪದಗಳು ಪುಸ್ತಕದಲ್ಲಿ ಓದಿದಾಗ ಕೇವಲ ಪದಗಳು. ಕೈಯಲ್ಲಿ ಹಿಡಿದು ಕೊಯ್ದಾಗ, ಕಟ್ಟಿದಾಗ ಅವು ಮಗುವಿನ ಸ್ವಂತ ಮಾತಾಗುತ್ತವೆ. ಕೆಲಸ ಮಾಡದ ಭಾಷೆಯು ಪರೀಕ್ಷೆಯ ಭಾಷೆಯಾಗಿಯಷ್ಟೇ ಉಳಿದೀತು.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಸಿಗುವ ಮೂರೇ ಸಾಮಗ್ರಿಗಳೆಂಬ ಮಿತಿಯಿರಲಿ. ಅಂಗಡಿಯಿಂದ ಏನನ್ನೂ ಕೊಳ್ಳುವುದು ಬೇಡ. ಹೆತ್ತವರು ಮಾಡಿಕೊಡದಂತೆ ತರಗತಿಯಲ್ಲಿಯೇ ಮಾಡಲಿ. ಪೆನ್ನುಗಳನ್ನು ತುಂಬಿ, ಮೇಜನ್ನು ಅಲುಗಾಡಿಸಿದ ಬಳಿಕವೇ ತೀರ್ಪು ಕೊಡೋಣ. ಹೀಗೇಕೆ ಮಾಡಿದೆಯೆಂಬುದನ್ನು ಮಗು ಕನ್ನಡದಲ್ಲಿ ವಿವರಿಸಲಿ. ಸೌಂದರ್ಯ ಬೇಡವೆಂದಲ್ಲ, ಅದು ಉಪಯೋಗದ ಬೆನ್ನಿಗೆ ಬರಲಿ. ಸಾಮಗ್ರಿಗೆ ಮಿತಿಯಿಟ್ಟಾಗ ಬಡವರ ಮಗುವೂ ಸಿರಿವಂತರ ಮಗುವೂ ಒಂದೇ ಗೆರೆಯಿಂದ ಹೊರಡುತ್ತಾರೆ; ಮುಂದೆ ನಡೆಸುವುದು ಬುದ್ಧಿ ಮಾತ್ರ.

ಆ ವರ್ಷದ ಬಹುಮಾನದ ಪಟ್ಟಿಯನ್ನು ನಾನು ತಿದ್ದಲಿಲ್ಲ. ತಿದ್ದಬೇಕಿತ್ತು. ಹುಡುಗನು ಅದನ್ನು ನನಗೇ ಕೊಟ್ಟು ಹೋದ. ಈ ಲೇಖನವನ್ನು ಬರೆದ ಪೆನ್ನನ್ನು ಈಗ ಅದರ ನಡುವಿನ ಕೊಳವೆಯಲ್ಲಿಡುತ್ತಿದ್ದೇನೆ. ನಮ್ಮ ಶಾಲೆಯ ಮುಂದಿನ ಐವತ್ತು ವರ್ಷಗಳಲ್ಲಿ ಅಂತಹ ಕೈಗಳು ಕಡೆಗಣಿಸಲ್ಪಡದಿರಲೆಂದು ಹಾರೈಸುತ್ತೇನೆ.