ಗ್ಯಾರೇಜಿನ ನೆಲಕ್ಕೆ ಬಣ್ಣ ಬಳಿಯುವ ಮುನ್ನ

ಎದ್ದುಬಂದ ಎಪಾಕ್ಸಿ ಬಣ್ಣದ ಒಂದು ಚಕ್ಕೆಯನ್ನು ಕೈಗೆತ್ತಿಕೊಂಡು ಮಗುಚಿ ನೋಡಿದರೆ ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ. ಮೇಲ್ಮೈ ಇನ್ನೂ ಹೊಸದರಂತೆ ಮಿರುಗುತ್ತಿರುತ್ತದೆ. ಹಿಂಬದಿಗೆ ಬೆರಳಾಡಿಸಿದರೆ ಬಿಳಿಚಿದ ಪುಡಿ ಮೆತ್ತಿಕೊಳ್ಳುತ್ತದೆ. ಅದು ಸಿಮೆಂಟು. ಬಣ್ಣ ಹಿಡಿತ ಬಿಟ್ಟಿಲ್ಲ, ಅದು ಹಿಡಿದುಕೊಂಡಿದ್ದ ಕಾಂಕ್ರೀಟಿನ ಮೇಲ್ಪದರವೇ ಕಿತ್ತು ಬಂದಿದೆ. ಇಂಥ ಚಕ್ಕೆಗಳು ಹೆಚ್ಚಾಗಿ ಮೊದಲು ಏಳುವುದು ಕಾರಿನ ಚಕ್ರಗಳು ನಿಲ್ಲುವ ನಾಲ್ಕು ಜಾಗಗಳಲ್ಲಿ. ಹೆದ್ದಾರಿಯಲ್ಲಿ ಓಡಿ ಬಂದ ಬಿಸಿ ಟೈರು ಬಣ್ಣವನ್ನು ಮೆತ್ತಗಾಗಿಸಿ, ತಣಿಯುತ್ತಾ ಅದಕ್ಕೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಗಾಡಿ ಹೊರಟಾಗ ಪದರವೂ ಅದರ ಜೊತೆ ಏಳುತ್ತದೆ.

ಈಗ ಮನೆಯ ಕೆಳಗಿನ ಪಾರ್ಕಿಂಗ್‌ನಿಂದ ಹಿಡಿದು ಪೀಣ್ಯದ ಲೇತ್ ಶೆಡ್ಡುಗಳವರೆಗೆ ಎಲ್ಲ ಕಡೆ ಹೊಳೆಯುವ ನೆಲದ ಆಸೆ ಹಬ್ಬಿದೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ದುಡ್ಡು ಸುರಿಯುವ ಕ್ರಮ ತಲೆಕೆಳಗಾಗಿದೆ. ನೆಲದ ಆಯಸ್ಸು ನಿರ್ಧಾರವಾಗುವುದು ಕಾಂಕ್ರೀಟಿನಲ್ಲಿ, ಅದರ ಕೆಳಗಿನ ಮಣ್ಣಿನಲ್ಲಿ. ಮೇಲಿನ ಲೇಪ ಯಾವುದಿರಬೇಕು ಎಂಬುದನ್ನು ಹೇಳಬೇಕಾದದ್ದು ಆ ನೆಲದ ಮೇಲೆ ದಿನವೂ ಬೀಳುವ ವಸ್ತುಗಳು: ಎಣ್ಣೆ, ಆಸಿಡ್, ಕಿಡಿ, ನೀರು, ಸುತ್ತಿಗೆ.

ಎಪಾಕ್ಸಿ ಹಚ್ಚಿದ ಗ್ಯಾರೇಜುಗಳ ಚಿತ್ರಗಳು ಬಹುಪಾಲು ಅಮೆರಿಕ, ಕೆನಡಾ ಕಡೆಯಿಂದ ಬಂದವು. ಅಲ್ಲಿ ಅದಕ್ಕೆ ಗಟ್ಟಿ ಕಾರಣವಿದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಕಾರಿಗೆ ಮೆತ್ತಿ ಬಂದ ಆ ಉಪ್ಪುನೀರು ಗ್ಯಾರೇಜಿನಲ್ಲಿ ತೊಟ್ಟಿಕ್ಕಿ, ಹೆಪ್ಪುಗಟ್ಟಿ ಕರಗುವ ಚಕ್ರದಲ್ಲಿ ಕಾಂಕ್ರೀಟಿನ ಮೈ ಸುಲಿಯುತ್ತದೆ. ತುಮಕೂರಿನ ಗ್ಯಾರೇಜಿಗೆ ಆ ಕಾಟವಿಲ್ಲ. ಇಲ್ಲಿನ ಕಾಟಗಳೇ ಬೇರೆ, ಅವು ಊರಿಂದೂರಿಗೂ ಬದಲಾಗುತ್ತವೆ.

ಹುಬ್ಬಳ್ಳಿ, ಗದಗ, ವಿಜಯಪುರದ ಎರೆ ಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಸುರಿದರೆ ಯಾವ ಬಣ್ಣವೂ ಬಿರುಕನ್ನು ಮುಚ್ಚಿಡಲಾರದು. ಎರೆ ಮಣ್ಣು ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ದಿಮ್ಮಿಸುವ ಕೆಲಸಕ್ಕೆ ಖರ್ಚು ಮಾಡಲೇಬೇಕು. ಮಂಗಳೂರು, ಉಡುಪಿ ಕಡೆ ಸಮಸ್ಯೆ ತೇವದ್ದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಯಲ್ಲಿ ನೆಲದಡಿಯ ಮಣ್ಣು ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಆ ತೇವ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರಿ, ಬಣ್ಣದ ಕೆಳಗೆ ಸಿಕ್ಕಿಕೊಂಡು ಗುಳ್ಳೆ ಎಬ್ಬಿಸುತ್ತದೆ. ಕಾಂಕ್ರೀಟ್ ಹಾಕುವ ಮೊದಲು ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಬಹುಪಾಲು ತಪ್ಪುತ್ತಿದ್ದ ತೊಂದರೆ ಇದು. ಇಡೀ ಕೆಲಸದಲ್ಲಿ ತೀರಾ ಅಗ್ಗದ ವಸ್ತು ಆ ಹಾಳೆ, ಹೆಚ್ಚಾಗಿ ಮರೆತುಹೋಗುವುದೂ ಅದೇ.

ಇನ್ನು ಕಾಂಕ್ರೀಟಿಗೆ ಬಂದರೆ, ಹರಡಲು ಸಲೀಸಾಗಲೆಂದು ಅದಕ್ಕೆ ನೀರು ಜಾಸ್ತಿ ಸುರಿಯುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಹೆಚ್ಚಾದ ನೀರು ಮೇಲೆ ಬರುತ್ತದೆ, ಬರುವಾಗ ಸಿಮೆಂಟಿನ ನಯವಾದ ಕಣಗಳನ್ನೂ ನುಣುಪು ಮರಳನ್ನೂ ಹೊತ್ತು ತರುತ್ತದೆ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ಮೇಲ್ಭಾಗದಲ್ಲಿ ಸತ್ವವಿಲ್ಲದ ಪದರವೊಂದು ನಿಲ್ಲುತ್ತದೆ. ಆ ನೀರನ್ನು ಹೀರಿಸಲು ಒಣ ಸಿಮೆಂಟ್ ಉದುರಿಸಿ ಕರಣೆಯಿಂದ ಸವರಿದರೆ ಆ ಹೊತ್ತಿಗೆ ನುಣ್ಣಗೆ ಕಾಣುತ್ತದೆ ನಿಜ. ಆರು ತಿಂಗಳ ಮೇಲೆ ಎಷ್ಟು ಗುಡಿಸಿದರೂ ಮುಗಿಯದ ದೂಳು ಏಳುವುದು ಅಲ್ಲಿಂದಲೇ. ಮೊದಲು ಹೇಳಿದ ಚಕ್ಕೆಯ ಹಿಂಬದಿಗೆ ಅಂಟಿದ್ದ ಪುಡಿಯೂ ಅದೇ ಪದರದ್ದು. ನೀರು ತಾನಾಗಿ ಆರುವವರೆಗೆ ಕಾದು, ಆಮೇಲೆ ಕರಣೆ ಆಡಿಸುವ ಮೇಸ್ತ್ರಿಯ ತಾಳ್ಮೆಗೆ ಕೂಲಿ ಕೊಡಬೇಕು. ದೊಡ್ಡ ಶೆಡ್ಡುಗಳಲ್ಲಿ ಟ್ರೆಮಿಕ್ಸ್ ಎಂದು ಕರೆಯುವ ವಿಧಾನವಿದೆ: ಹೆಚ್ಚುವರಿ ನೀರನ್ನು ಪಂಪ್ ಹೀರಿ ತೆಗೆಯುತ್ತದೆ, ಆಮೇಲೆ ಯಂತ್ರದ ಅಲಗುಗಳು ಮೈಯನ್ನು ಉಜ್ಜಿ ಗಟ್ಟಿ ಮಾಡುತ್ತವೆ.

ಆಮೇಲೆ ಕ್ಯೂರಿಂಗ್. ಭಾರತೀಯ ಮಾನಕ 456 ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೂ ಬಿಸಿಲು ನಾಡಿಗೂ ಕನಿಷ್ಠ 10 ದಿನ ನೆಲ ಒದ್ದೆಯಾಗಿರಬೇಕು ಎನ್ನುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಸಿಮೆಂಟಿನಲ್ಲಿ ಬಹಳಷ್ಟು ಬೆರಕೆಯ ಜಾತಿಯದೇ. ಎರಡು ದಿನ ಪೈಪಿನಲ್ಲಿ ನೀರು ಚಿಮುಕಿಸಿ ಕೈತೊಳೆದುಕೊಂಡರೆ ಸಾಲದು, ಸುತ್ತ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಬೇಕು ಇಲ್ಲವೇ ಒದ್ದೆ ಗೋಣಿಚೀಲ ಹೊದಿಸಬೇಕು. ನಾಲ್ಕು ಇಂಚಿನ ನೆಲಕ್ಕೆ ಸುಮಾರು ಹತ್ತು ಅಡಿಗೊಂದರಂತೆ, ಒಂದು ಇಂಚು ಆಳದ ಗೆರೆಗಳನ್ನು ಮರುದಿನದೊಳಗೆ ಕೊಯ್ಯಬೇಕು. ಕಾಂಕ್ರೀಟ್ ಕುಗ್ಗುವಾಗ ಬಿರುಕು ಆ ಗೆರೆ ಹಿಡಿದು ಸಾಗುತ್ತದೆ, ನಟ್ಟನಡುವೆ ಹಾಯುವುದಿಲ್ಲ.

ಹಳೆ ನೆಲವಿದ್ದವರು ಗುತ್ತಿಗೆದಾರನನ್ನು ಕರೆಸುವ ಮೊದಲು ಎರಡು ಪರೀಕ್ಷೆ ಮಾಡಿಕೊಳ್ಳಲಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಕಡಿಮೆಯೆಂದರೆ 16 ಗಂಟೆ ಬಿಡಬೇಕು. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ, ಕೆಳಗಿನ ಕಾಂಕ್ರೀಟ್ ಕಪ್ಪಾಗಿದ್ದರೆ ಎಪಾಕ್ಸಿಯ ಮಾತು ಸದ್ಯಕ್ಕೆ ಬೇಡ. ಇನ್ನೊಂದು ಇದಕ್ಕಿಂತ ಸುಲಭ: ಅಲ್ಲಲ್ಲಿ ನೀರು ಚಿಮುಕಿಸಿ ನೋಡುವುದು. ನೀರು ಹೀರಿಕೊಂಡರೆ ಸರಿ. ಮುತ್ತಿನಂತೆ ದುಂಡಗೆ ನಿಂತರೆ ಎಂಜಿನ್ ಆಯಿಲ್ ಆಳಕ್ಕೆ ಇಳಿದಿದೆ ಎಂದೇ ಅರ್ಥ, ಅಲ್ಲಿ ಬಣ್ಣ ಕಚ್ಚುವುದಿಲ್ಲ. ಸತ್ವವಿಲ್ಲದ ಮೇಲ್ಪದರ ತೆಗೆಯಲು ಆಸಿಡ್ ಸುರಿದು ತೊಳೆಯುವುದು ಹಳೆಯ ಪದ್ಧತಿ. ಅದು ಎಲ್ಲ ಕಡೆ ಸಮನಾಗಿ ತಿನ್ನುವುದಿಲ್ಲ, ಸರಿಯಾಗಿ ತೊಳೆಯದಿದ್ದರೆ ಉಳಿದ ಲವಣವೇ ಲೇಪಕ್ಕೆ ಶತ್ರು. ಡೈಮಂಡ್ ಗ್ರೈಂಡಿಂಗ್ ಮಾಡಿಸುವುದೇ ಮೇಲು. ಆದರೆ ಯಂತ್ರಕ್ಕೆ ದೂಳು ಹೀರುವ ವ್ಯಾಕ್ಯೂಮ್ ಇರಲೇಬೇಕು. ಕಾಂಕ್ರೀಟಿನ ದೂಳಿನಲ್ಲಿರುವ ಸಿಲಿಕಾ ಪುಪ್ಪುಸಕ್ಕೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಗುಣವಾಗುವ ಮದ್ದಿಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಒಣ ನೆಲ ಉಜ್ಜುವ ಹುಡುಗನನ್ನು ಕಂಡೂ ಸುಮ್ಮನಿರುವ ಮಾಲೀಕ ಆ ಕಾಯಿಲೆಯಲ್ಲಿ ಪಾಲುದಾರ.

ಇಷ್ಟಾದ ಮೇಲೆ ಯಾವ ಫಿನಿಶ್? ಸಾಮಾನ್ಯ ಮೆಕ್ಯಾನಿಕ್ ಗ್ಯಾರೇಜಿಗೆ, ಬೆಳಗಾವಿಯ ಉದ್ಯಮಬಾಗದಂಥ ಕಡೆಯ ಫ್ಯಾಬ್ರಿಕೇಶನ್ ಶೆಡ್ಡಿಗೆ ಬೇಕಾದದ್ದು ಗಟ್ಟಿಯಾದ ಬರಿ ಕಾಂಕ್ರೀಟು, ಅದರ ಮೇಲೆ ಡೆನ್ಸಿಫೈಯರ್. ಇದು ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟಿನ ದ್ರವ. ಮೇಲೆ ಪದರವಾಗಿ ಕೂರದೆ ಒಳಗಿಳಿದು, ಕಾಂಕ್ರೀಟಿನಲ್ಲಿ ಉಳಿದಿರುವ ಸುಣ್ಣದೊಂದಿಗೆ ಬೆರೆತು ಗಟ್ಟಿಯಾಗುತ್ತದೆ. ಪದರವೇ ಇಲ್ಲದ ಮೇಲೆ ಸುಲಿಯುವ ಪ್ರಶ್ನೆಯಿಲ್ಲ. ದೂಳು ನಿಲ್ಲುತ್ತದೆ, ವೆಲ್ಡಿಂಗ್ ಕಿಡಿಗೆ ಸುಡುವುದಿಲ್ಲ. ಎಣ್ಣೆಯ ಕಲೆಯನ್ನು ಮಾತ್ರ ಪೂರ್ತಿ ತಡೆಯಲಾರದು, ಬಿದ್ದದ್ದನ್ನು ಆಗಲೇ ಒರೆಸಬೇಕು. ಗ್ಯಾಸ್ ಕಟಿಂಗನ್ನು ನೇರವಾಗಿ ಯಾವ ಕಾಂಕ್ರೀಟಿನ ಮೇಲೂ ಮಾಡಬಾರದು: ಒಳಗಿನ ತೇವ ಆವಿಯಾಗಿ ಚೂರುಗಳು ಸಿಡಿಯುತ್ತವೆ.

ಎಪಾಕ್ಸಿಗೆ ಅದರದೇ ಜಾಗವಿದೆ. ಸಣ್ಣ ಬಿಡಿಭಾಗ ಜೋಡಿಸುವ, ಅಳತೆ ನೋಡುವ, ವಾಹನದ ವಿದ್ಯುತ್ ಕೆಲಸ ಮಾಡುವ ಕೋಣೆಯಲ್ಲಿ ತಿಳಿಬಣ್ಣದ ನೆಲ ಬೆಳಕನ್ನು ಹೆಚ್ಚಿಸುತ್ತದೆ, ಜಾರಿಬಿದ್ದ ಸ್ಕ್ರೂ ತಟ್ಟನೆ ಕಾಣುತ್ತದೆ, ಎಣ್ಣೆ ಒಂದೇ ಒರೆತಕ್ಕೆ ಹೋಗುತ್ತದೆ. ಹಚ್ಚುವವರು ಹೊತ್ತು ನೋಡಿ ಹಚ್ಚಬೇಕು. ಬಿಸಿಲೇರುತ್ತಿರುವಾಗ ಕಾಂಕ್ರೀಟಿನ ರಂಧ್ರಗಳ ಗಾಳಿ ಹಿಗ್ಗಿ ಲೇಪದಲ್ಲಿ ಸೂಜಿಮೊನೆಯಂಥ ತೂತು ಮಾಡುತ್ತದೆ, ಅದಕ್ಕೇ ನೆಲ ತಣಿಯುತ್ತಿರುವ ಸಂಜೆ ಒಳ್ಳೆಯದು. ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಕಲಸಿದ ಎಪಾಕ್ಸಿ ಬಕೆಟಿನಲ್ಲೇ ಗಟ್ಟಿಯಾಗತೊಡಗುತ್ತದೆ. ಬಿಸಿಲು ಬೀಳುವ ಕಡೆ ಅದು ಹಳದಿಯಾಗುತ್ತದೆ. ಶಟರಿನ ಒಳಗೆ ಮೂರು ಅಡಿಯ ಪಟ್ಟಿ ಮಾತ್ರ ಬಣ್ಣಗೆಟ್ಟ ನೆಲಗಳು ಎಷ್ಟೋ ಇವೆ. ಅಲ್ಲಿಗೆ ಬಿಸಿಲು ತಾಳುವ ಪಾಲಿಯುರಿಥೇನ್ ಮೇಲ್ಪದರ ಬೇಕು.

ಕಲ್ಲನ್ನೂ ಮರೆಯಬಾರದು. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಪಾರ್ಕಿಂಗಿಗೆ ಒಪ್ಪುತ್ತದೆ. ಆದರೆ ಅದು ಸುಣ್ಣದ ಕಲ್ಲು, ಬ್ಯಾಟರಿ ಆಸಿಡ್ ಬಿದ್ದಲ್ಲಿ ನೊರೆ ಬಂದು ಗುಳಿಯಾಗುತ್ತದೆ. ಕಾಂಕ್ರೀಟಿಗೂ ಅದೇ ಗತಿ. ಬ್ಯಾಟರಿ ಇಡುವ ಮೂಲೆಗೆ ಗ್ರಾನೈಟ್ ಚಪ್ಪಡಿ, ಮೇಲೊಂದು ಪ್ಲಾಸ್ಟಿಕ್ ಟ್ರೇ ಸಾಕು. ಟೈಲ್ಸ್ ಕೆಳಗೆ ಪೊಳ್ಳಿದ್ದರೆ ಬಿದ್ದ ಮೊದಲ ಸುತ್ತಿಗೆಗೇ ಒಡೆಯುತ್ತದೆ.

1948ರ ಕಾರ್ಖಾನೆ ಕಾಯ್ದೆ ತನ್ನ 32ನೇ ಕಲಮಿನಲ್ಲಿ ಕೆಲಸದ ನೆಲ ಗಟ್ಟಿಯಾಗಿರಬೇಕು, ಜಾರುವಂಥದ್ದೇನೂ ಅದರ ಮೇಲೆ ಇರಬಾರದು ಎಂದು ಬರೆದಿತ್ತು. ಅದು ಅನ್ವಯಿಸುತ್ತಿದ್ದುದು ಯಂತ್ರಶಕ್ತಿ ಬಳಸುವ ಕಡೆ ಹತ್ತು ಮಂದಿ ಕೆಲಸಗಾರರಿಂದ ಮೇಲಕ್ಕೆ. ಮೂರು ಜನರ ಗ್ಯಾರೇಜು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಲ್ಲಿ ಗಾಡಿಯಡಿ ಬೆನ್ನು ಹಾಸಿ ಮಲಗುವವನ ಸುರಕ್ಷತೆ ಮಾಲೀಕನ ಆಯ್ಕೆಗೆ ಬಿಟ್ಟದ್ದು. ನುಣುಪು ಎಪಾಕ್ಸಿಯ ಮೇಲೆ ನೀರು, ಎಣ್ಣೆ ಸೇರಿದರೆ ಕಾಲು ನಿಲ್ಲುವುದಿಲ್ಲ. ಕೊನೆಯ ಪದರಕ್ಕೆ ಸಿಲಿಕಾ ಮರಳು ಬೆರೆಸಿ ತರಿ ಮಾಡಿಸಬೇಕು, ನೀರು ಮೋರಿಗೆ ಹರಿಯುವಂತೆ ವಾಟ ಕೊಡಿಸಬೇಕು.

ಅಂದಾಜು ಪಟ್ಟಿಯಲ್ಲಿ ಕಾಣದ ಖರ್ಚೊಂದಿದೆ, ದಿನಗಳದ್ದು. ಹೊಸ ಕಾಂಕ್ರೀಟು ಕನಿಷ್ಠ 28 ದಿನ ಕಳೆಯದೆ, ಪೂರ್ತಿ ಒಣಗದೆ ಎಪಾಕ್ಸಿ ಹಚ್ಚುವಂತಿಲ್ಲ. ಹಚ್ಚಿದ ಮರುದಿನ ನಡೆದಾಡಬಹುದಾದರೂ ಗಾಡಿ ನಿಲ್ಲಿಸಲು ಸುಮಾರು ಏಳು ದಿನ ಕಾಯಬೇಕು. ದಿನದ ದುಡಿಮೆಯಲ್ಲೇ ಬಾಡಿಗೆ, ಸಂಬಳ ಹೊಂದಿಸುವ ಗ್ಯಾರೇಜಿನವರು ಆ ವಾರದ ಸಂಪಾದನೆಯನ್ನೂ ಬಣ್ಣದ ದರಕ್ಕೆ ಕೂಡಿಸಿ ನೋಡಲಿ. ಡೆನ್ಸಿಫೈಯರ್ ಹಾಕಿದ ನೆಲದ ಮೇಲೆ ಸಾಮಾನ್ಯವಾಗಿ ಮರುದಿನವೇ ಜಾಕಿ ಉರುಳಿಸಬಹುದು.