ಗಾಜಿನ ತೊಟ್ಟಿಯೊಳಗಿನ ಅಮಾನತ್ತು

“20 ರೂಪಾಯಿಯ ಮೀನಿಗೆ 100 ರೂಪಾಯಿಯ ಔಷಧವೇ? ಸತ್ತರೆ ಇನ್ನೊಂದು ತಂದರಾಯಿತು.” ಸಾಕುಪ್ರಾಣಿಗಳಿರುವ ನಮ್ಮ ಮನೆಗಳಲ್ಲಿ ಈ ಮಾತನ್ನು ಕೇಳದವರು ವಿರಳ. ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಇಂದು ಎಷ್ಟೋ ಮನೆಗಳ ನಡುಮನೆಯಲ್ಲಿ ಮೀನಿನ ಗಾಜಿನ ತೊಟ್ಟಿ ಇದೆ, ಪಡಸಾಲೆಯಲ್ಲಿ ಲವ್ ಬರ್ಡ್ಸ್ ಪಂಜರವಿದೆ, ಹಿತ್ತಲಲ್ಲಿ ಮೊಲದ ಗೂಡಿದೆ. ಮಕ್ಕಳು ಹಬ್ಬದ ದಿನ ದೊರೆತ ಈದಿಯ ಹಣವನ್ನು ಕೂಡಿಟ್ಟು ಇವುಗಳನ್ನು ಕೊಂಡು ತರುತ್ತಾರೆ. ಹಿರಿಯರೂ ಸಂತೋಷದಿಂದಲೇ ಒಪ್ಪುತ್ತಾರೆ. ಆದರೆ ಆ ಜೀವ ಕಾಯಿಲೆ ಬಿದ್ದ ದಿನ ಮನೆಯೊಳಗೆ ಅಂಗಡಿಯ ಲೆಕ್ಕ ಶುರುವಾಗುತ್ತದೆ.

ಈ ಲೆಕ್ಕವು ದೀನಿನ ದೃಷ್ಟಿಯಲ್ಲಿ ತಪ್ಪು ಎಂಬುದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಕೊಟ್ಟ ಬೆಲೆ ಮಾರಾಟಗಾರನಿಗೆ ಸಂದ ಬೆಲೆ. ಆ ಜೀವಕ್ಕೆ ನಾವು ಸಲ್ಲಿಸಬೇಕಾದ ಹಕ್ಕು ಬೇರೊಂದು ಕಾರಣದಿಂದ ಹುಟ್ಟುತ್ತದೆ. ಸುವರ್ಣಾವತಿ ಹೊಳೆಯ ಮೀನು ಒಂದೆಡೆ ನೀರು ಕೆಟ್ಟರೆ ಇನ್ನೊಂದೆಡೆಗೆ ಈಜಿ ಹೋಗುತ್ತದೆ. ಕಾಡಿನ ಹಕ್ಕಿ ಬಿಸಿಲೇರಿದರೆ ನೆರಳನ್ನು ಹುಡುಕಿಕೊಳ್ಳುತ್ತದೆ. ಗಾಜಿನೊಳಗಿನ ಮೀನಿಗೆ ನಾವು ಸುರಿದ ನೀರೇ ಗತಿ, ಪಂಜರದ ಹಕ್ಕಿಗೆ ನಾವಿಟ್ಟ ಕಾಳೇ ಗತಿ. ಅವುಗಳ ದಾರಿಯನ್ನು ಮುಚ್ಚಿದವರು ನಾವು. ಮುಚ್ಚಿದವರ ಮೇಲೆಯೇ ಹೊಣೆಯೂ ಇದೆ.

ಬೆಕ್ಕಿನ ಕಾರಣದಿಂದ ಶಿಕ್ಷೆಗೊಳಗಾದ ಮಹಿಳೆಯ ವೃತ್ತಾಂತವು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿದ್ದು, ನಮ್ಮ ಮಕ್ಕಳಿಗೂ ಬಾಯಿಪಾಠ. ಆಕೆ ಬೆಕ್ಕನ್ನು ಹೊಡೆದಳೆಂದಾಗಲಿ, ಕೊಂದಳೆಂದಾಗಲಿ ಅದರಲ್ಲಿಲ್ಲ. ಆಕೆ ಅದನ್ನು ಕಟ್ಟಿಹಾಕಿದಳು, ತಾನು ಆಹಾರ ಕೊಡಲಿಲ್ಲ, ಅದು ತಾನಾಗಿ ಹುಡುಕಿ ತಿನ್ನಲೂ ಬಿಡಲಿಲ್ಲ. ಮೂರು ಸಂಗತಿಗಳೂ ಒಂದೆಡೆ ಕೂಡಿದಾಗ ಅದು ಪಾಪವಾಯಿತು. ಅಕ್ವೇರಿಯಂ ಇಟ್ಟ ಪ್ರತಿಯೊಬ್ಬರೂ ಈ ವೃತ್ತಾಂತವನ್ನು ಮತ್ತೊಮ್ಮೆ ಓದಿಕೊಳ್ಳಬೇಕು.

ನಮ್ಮ ಪೂರ್ವಿಕ ವಿದ್ವಾಂಸರು ಈ ವಿಷಯವನ್ನು ಭಾವನೆಗೆ ಬಿಡದೆ ನಿಯಮವಾಗಿ ಬರೆದಿಟ್ಟರು. ಹಿಜರಿ 660ರಲ್ಲಿ, ಅಂದರೆ ಕ್ರಿ.ಶ. 1262ರಲ್ಲಿ ನಿಧನರಾದ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್ ಅವರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಪ್ರಾಣಿಯು ಮುದಿಯಾಗಿ ಅಥವಾ ರೋಗದಿಂದ ನಿರುಪಯೋಗಿಯಾದರೂ ಅದರ ಖರ್ಚನ್ನು ಮಾಲೀಕನು ಭರಿಸಬೇಕು ಎಂಬುದು ಅವುಗಳಲ್ಲೊಂದು. ತನ್ನ ಜಾತಿಯದಿರಲಿ, ಬೇರೆ ಜಾತಿಯದಿರಲಿ, ಅದಕ್ಕೆ ಗಾಯ ಮಾಡುವ ಪ್ರಾಣಿಯೊಂದಿಗೆ ಅದನ್ನು ಕೂಡಿಹಾಕಬಾರದು ಎಂಬುದು ಮತ್ತೊಂದು. ಎರಡು ಗಂಡು ಫೈಟರ್ ಮೀನುಗಳನ್ನು ಒಂದೇ ತೊಟ್ಟಿಗೆ ಬಿಟ್ಟು ಅವುಗಳ ಕಾದಾಟವನ್ನು ನೋಡುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ? ಪ್ರಾಣಿಯನ್ನು ಪೋಷಿಸದ ಮಾಲೀಕನನ್ನು ನ್ಯಾಯಾಧೀಶನು ಬಲವಂತಪಡಿಸಬಹುದೆಂದು ಶಾಫಿಈ ವಿದ್ವಾಂಸರು ಹೇಳುತ್ತಾರೆ. ಹನಫೀ ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ನ್ಯಾಯಾಲಯಕ್ಕೆ ಒಯ್ಯದೆ, ಅಲ್ಲಾಹನಿಗೆ ಉತ್ತರಿಸಬೇಕಾದ ಹೊಣೆ ಎನ್ನುತ್ತಾರೆ. ಹೊಣೆ ಇದೆ ಎಂಬುದರಲ್ಲಿ ಭಿನ್ನಮತವಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನೆರೆಮನೆಯಲ್ಲಿ ಮನುಷ್ಯರ ಔಷಧಕ್ಕೇ ಹಣವಿಲ್ಲದಿರುವಾಗ ಮೀನಿಗೆ ಖರ್ಚು ಮಾಡುವುದು ಇಸ್ರಾಫ್, ದುಂದುವೆಚ್ಚವಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಬಣ್ಣದ ದೀಪ, ಪ್ಲಾಸ್ಟಿಕ್ ಅರಮನೆ, ದುಬಾರಿ ತಳಿಯ ಮೀನುಗಳಿಗೆ ಸಾವಿರಾರು ರೂಪಾಯಿ ಸುರಿಯುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಪ್ರಶ್ನೆಯನ್ನು ಕೊಳ್ಳುವ ಮುನ್ನ ಕೇಳಬೇಕು. ಕೊಂಡು ತಂದು ಕೂಡಿಹಾಕಿದ ಮೇಲೆ, ರೋಗ ಬಂದ ದಿನ ಮಾತ್ರ ಮಿತವ್ಯಯವನ್ನು ನೆನೆಯುವುದು ನ್ಯಾಯವಲ್ಲ. ಅಲ್ಲದೆ ಇಂತಹ ಕಾಯಿಲೆಗಳಲ್ಲಿ ಬಹುಪಾಲು ಹಣಕ್ಕಿಂತ ಗಮನವನ್ನೇ ಬೇಡುತ್ತವೆ.

ಅಲ್ಲಾಹನು ಪರಿಹಾರವನ್ನು ಇಳಿಸದೆ ಯಾವ ರೋಗವನ್ನೂ ಇಳಿಸಿಲ್ಲವೆಂದು ಪ್ರವಾದಿ(ಸ)ರು ಕಲಿಸಿದರು. ರೋಗಪೀಡಿತ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂದೂ ಅವರು ಆದೇಶಿಸಿದರು. ಈ ಎರಡನೆಯ ಬೋಧನೆಯ ಅರ್ಥವನ್ನು ನಮ್ಮ ಸೀಮೆಯ ರೇಷ್ಮೆ ಬೆಳೆಗಾರರಿಗೆ ಯಾರೂ ವಿವರಿಸಬೇಕಾಗಿಲ್ಲ. ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆರೋಗ, ಗಂಟುರೋಗಗಳ ಹೆಸರು ಅವರಿಗೆ ಗೊತ್ತು. ರೋಗ ತಗುಲಿದ ಹುಳುವನ್ನು ಆರಿಸಿ ತೆಗೆಯುತ್ತಾರೆ, ಸಾಕಣೆಮನೆಯನ್ನು ಬ್ಲೀಚಿಂಗ್ ಪುಡಿಯಿಂದ ಶುಚಿಗೊಳಿಸುತ್ತಾರೆ, ಕೈಕಾಲು ತೊಳೆಯದೆ ಒಳಗೆ ಕಾಲಿಡುವುದಿಲ್ಲ. 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ರೇಷ್ಮೆಹುಳುಗಳ ಗಂಟುರೋಗವನ್ನು ಅಧ್ಯಯನ ಮಾಡಲು ತೊಡಗಿದರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದರೆ ಆ ಮೊಟ್ಟೆಗಳನ್ನೇ ನಾಶಪಡಿಸುವ ಕ್ರಮ ಅಂದಿನಿಂದ ಬಂದದ್ದು. ಹುಳುವಿನ ಕಾಯಿಲೆಯನ್ನು ಗೌರವದಿಂದ ನೋಡಿದ್ದರಿಂದ ಮನುಷ್ಯನ ಸೋಂಕುರೋಗಗಳ ತಿಳಿವಳಿಕೆಗೂ ದಾರಿಯಾಯಿತು. ಹುಳುವಿಗೆ ತೋರುವ ಈ ಎಚ್ಚರವನ್ನು ಮೀನಿಗೆ, ಹಕ್ಕಿಗೆ ತೋರಲು ನಮಗೇನು ಅಡ್ಡಿ?

ಮೀನಿನ ವಿಷಯದಲ್ಲಿ ಮೊದಲು ನೋಡಬೇಕಾದದ್ದು ನೀರನ್ನು. ಮೀನಿನ ಮಲ ಮತ್ತು ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದನ್ನು ನಿರಪಾಯಕಾರಿಯಾಗಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಮೊದಲ ದಿನವೇ ಹತ್ತು ಮೀನು ಬಿಟ್ಟರೆ ಅವು ವಿಷದಲ್ಲಿ ಉಸಿರಾಡುತ್ತವೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ರೆಕ್ಕೆಗಳನ್ನು ಮುದುಡಿಕೊಂಡು ಮೂಲೆ ಸೇರಿದ್ದರೆ ಅಂಗಡಿಗೆ ಓಡುವ ಮುನ್ನ ನೀರಿನ ಕಾಲುಭಾಗವನ್ನು ಬದಲಿಸಿರಿ. ನಲ್ಲಿಯ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಆದ್ದರಿಂದ ಒಂದು ದಿನ ತೆರೆದ ಬಕೆಟ್ಟಿನಲ್ಲಿಟ್ಟ ನೀರನ್ನೇ ಸುರಿಯಬೇಕು. ವಾರಕ್ಕೊಮ್ಮೆ ಇಷ್ಟು ಬದಲಿಸುತ್ತಿದ್ದರೆ ಸಾಕು. ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಫಿಲ್ಟರನ್ನು ನಲ್ಲಿಯ ಕೆಳಗಿಟ್ಟು ಉಜ್ಜಿ ತೊಳೆದರೆ ಆ ಉಪಕಾರಿ ಸೂಕ್ಷ್ಮಜೀವಿಗಳೆಲ್ಲ ನಾಶವಾಗಿ ಕಷ್ಟ ಮೊದಲಿಗೆ ಮರಳುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರವೇ ಸಾಕು. ಮನೆಗೆ ಬಂದ ನೆಂಟರೆಲ್ಲ ಒಂದೊಂದು ಚಿಟಿಕೆ ಹಾಕುವುದು ಪ್ರೀತಿಯಂತೆ ಕಂಡರೂ ಮೀನಿಗೆ ಅಪಾಯ.

ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳು ಕಂಡರೆ ಅದೊಂದು ಪರೋಪಜೀವಿಯ ಕೆಲಸ. ಚರ್ಮದೊಳಗೆ ಅಡಗಿರುವಾಗ ಅದಕ್ಕೆ ಔಷಧ ತಾಗದು. ಬಲಿತು ತಳಕ್ಕೆ ಬಿದ್ದು, ನೂರಾರು ಮರಿಗಳಾಗಿ ನೀರಿನಲ್ಲಿ ಈಜುವಾಗ ಮಾತ್ರ ಅದು ಸಾಯುತ್ತದೆ. ಎರಡು ದಿನ ಔಷಧ ಹಾಕಿ, ಚುಕ್ಕೆ ಮಾಯವಾಯಿತೆಂದು ನಿಲ್ಲಿಸಿದವರ ಮನೆಯಲ್ಲಿ ರೋಗ ಮರುಕಳಿಸುವುದು ಇದರಿಂದಲೇ. ಕೊನೆಯ ಚುಕ್ಕೆ ಹೋದ ಮೇಲೂ ಕೆಲವು ದಿನ ಚಿಕಿತ್ಸೆ ಮುಂದುವರಿಯಬೇಕು. ಗಪ್ಪಿ, ಮೋಲಿ, ಗೋಲ್ಡ್ ಫಿಶ್‌ಗಳಿಗೆ ಆರಂಭದಲ್ಲಿ ಲೀಟರಿಗೆ 1ರಿಂದ 2 ಗ್ರಾಂ ಅಯೋಡಿನ್ ಬೆರೆಸದ ಉಪ್ಪು ನೆರವಾಗುತ್ತದೆ. ತಳದಲ್ಲಿ ವಾಸಿಸುವ ಮೀಸೆಮೀನುಗಳು ಉಪ್ಪನ್ನು ಅಷ್ಟಾಗಿ ತಾಳಲಾರವು. ಹೊಸದಾಗಿ ತಂದ ಮೀನನ್ನು ಎರಡು ವಾರವಾದರೂ ಬೇರೆ ಪಾತ್ರೆಯಲ್ಲಿಟ್ಟು ನೋಡಿ, ಬಳಿಕ ಉಳಿದವುಗಳೊಂದಿಗೆ ಸೇರಿಸಬೇಕು. ಒಂಟೆಗಳ ಕುರಿತಾದ ಹದೀಸಿನ ಬೆಳಕಿನಲ್ಲಿ ಮೀನು ಸಾಕುವ ಕ್ರಮ ಇದು.

ಹಕ್ಕಿಗಳು ತಮ್ಮ ಕಾಯಿಲೆಯನ್ನು ಮುಚ್ಚಿಡುತ್ತವೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತಿದೆ ಎಂದರೆ ರೋಗ ಆಗಲೇ ಮುಂದುವರಿದಿದೆ ಎಂದರ್ಥ. ಅದನ್ನು ಬೇರ್ಪಡಿಸಿ, ಬೆಚ್ಚಗಿಟ್ಟು, ಅಂದೇ ವೈದ್ಯರಿಗೆ ತೋರಿಸಬೇಕು. ಮೊಲ ಅರ್ಧ ದಿನ ಏನನ್ನೂ ತಿನ್ನದಿದ್ದರೆ ನಾಳೆ ನೋಡೋಣ ಎನ್ನುವಂತಿಲ್ಲ, ಅದರ ಕರುಳಿನ ಚಲನೆ ನಿಂತರೆ ಜೀವ ಉಳಿಯುವುದು ಕಷ್ಟ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಊಹೆಯ ಮೇಲೆ ಮದ್ದು ಕೊಡುವ ಅಭ್ಯಾಸ. ಬೆಕ್ಕಿನ ಮೈ ಬಿಸಿಯಾಗಿದೆಯೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಅದನ್ನು ನಿರ್ವಿಷಗೊಳಿಸುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗಿಲ್ಲ, ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು. ನಾಯಿಯ ಉಣ್ಣೆಗೆಂದು ಮಾರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಅನ್ನು ಮೊಲಕ್ಕೆ ಕುಡಿಸಿದರೆ ಅದರ ಕರುಳಿನ ವ್ಯವಸ್ಥೆಯೇ ಕೆಡುತ್ತದೆ. ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ಒಡೆದು ಅಕ್ವೇರಿಯಂಗೆ ಸುರಿದು, ಆ ನೀರನ್ನು ಚರಂಡಿಗೆ ಚೆಲ್ಲಿದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ, ಅವು ನಾಳೆ ಮನುಷ್ಯರನ್ನೂ ಕಾಡುತ್ತವೆ. ರೋಗಿಷ್ಟ ಪ್ರಾಣಿಗೆ ದುಆ ಮಾಡುವುದು ಒಳ್ಳೆಯದು, ಮಾಡಿರಿ. ಆದರೆ ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ನಮಗೆ ಕಲಿಸಲಾಗಿದೆ. ತಾಲೂಕು ಕೇಂದ್ರದ ಪಶು ಆಸ್ಪತ್ರೆಯ ವೈದ್ಯರು ಹಸು, ಕುರಿ, ಮೇಕೆಗಳ ನಡುವೆ ಬಿಡುವಿಲ್ಲದಿದ್ದರೂ ಬೆಕ್ಕು, ಮೊಲಗಳನ್ನು ಒಯ್ದರೆ ನೋಡುತ್ತಾರೆ. ಅಲ್ಲಿ ಆಗದ ಚಿಕಿತ್ಸೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ನಮ್ಮ ಮಂಗಳೂರಿನಲ್ಲೇ ಇದೆ. ಮೀನಿನ ರೋಗವೂ ಒಂದು ಶಾಸ್ತ್ರವೆಂದು ಮಕ್ಕಳಿಗೆ ತಿಳಿಯಲಿ. ಅವರಲ್ಲಿ ಯಾರಾದರೂ ನಾಳೆ ಅದನ್ನು ಓದಬಾರದೇಕೆ?

ಮನೆಮಂದಿಯ ಆರೋಗ್ಯವೂ ಇದರೊಂದಿಗೆ ಸೇರಿದೆ. ಕೈಯಲ್ಲಿ ಗಾಯವಿರುವವರು ತೊಟ್ಟಿಯೊಳಗೆ ಕೈಯಿಡಬಾರದು. ಗರ್ಭಿಣಿಯರು ಬೆಕ್ಕಿನ ಮಲವನ್ನು ತೆಗೆಯಬಾರದು, ಆ ಕೆಲಸವನ್ನು ಮನೆಯ ಇತರರು ಮಾಡಲಿ. ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ ಅರಿಸಿನ ಹಚ್ಚಿ ಕೂರದೆ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಸರಕಾರಿ ಆಸ್ಪತ್ರೆಗೆ ಹೋಗಬೇಕು.

ಸಾಕಲಾಗದೆಂದು ಮೀನುಗಳನ್ನು ಕೆರೆಗೋ ಹೊಳೆಗೋ ಬಿಟ್ಟು ಪುಣ್ಯ ಬಂತೆಂದು ತಿಳಿಯುವವರಿದ್ದಾರೆ. ಅದು ಪುಣ್ಯವಲ್ಲ. ರೋಗವೂ ಅದರೊಂದಿಗೆ ನೀರಿಗಿಳಿಯುತ್ತದೆ. ಕೊಳ್ಳೇಗಾಲ, ಹನೂರುಗಳ ಅಂಚಿನಲ್ಲಿ ಹರಿಯುವ ಕಾವೇರಿಯದೇ ಆದ ಡುಬ್ಬದ ಮಹಶೀರ್ ಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಅದರ ನೆಲೆಯನ್ನು ಆಕ್ರಮಿಸಿದ್ದು ಇದಕ್ಕೊಂದು ಕಾರಣ. ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಿರಿ, ಇಲ್ಲವೇ ಸಾಕಬಲ್ಲವರಿಗೆ ಕೊಡಿರಿ. ಇನ್ನು ಕಾಡಿನ ಗಿಣಿಯ ಮರಿಯನ್ನು ಪೊಟರೆಯಿಂದ ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪ್ರಯಾಣದಲ್ಲಿ ಸಹಾಬಿಗಳು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಾಗ, ತಾಯಿಹಕ್ಕಿಯ ತಳಮಳವನ್ನು ಕಂಡ ಪ್ರವಾದಿ(ಸ)ರು ಮರಿಗಳನ್ನು ಹಿಂದಿರುಗಿಸಲು ಹೇಳಿದ್ದು ಅಬೂದಾವೂದ್ ಸಂಗ್ರಹದಲ್ಲಿದೆ.

ಮದ್ರಸದಲ್ಲಿ ಮಕ್ಕಳು ಆಗಾಗ ಕೇಳುವ ಪ್ರಶ್ನೆಯೊಂದಿದೆ: “ಹಜ್ರತ್, ನನ್ನ ಮೀನು ಸತ್ತರೆ ನನಗೆ ಗುನಾಹ್ ಬರುತ್ತದೆಯೇ?” ಸಾವು ಅಲ್ಲಾಹನ ನಿರ್ಣಯ, ಅದಕ್ಕೆ ನಿನ್ನನ್ನು ಕೇಳಲಾಗದು ಮಗೂ, ನೀನು ನೋಡಿಕೊಂಡ ರೀತಿಯನ್ನು ಕೇಳಲಾಗುತ್ತದೆ ಎಂದು ನಾನು ಹೇಳುತ್ತೇನೆ. ಅಬೂ ಉಮೈರ್ ಎಂಬ ಪುಟ್ಟ ಬಾಲಕನ ಹಕ್ಕಿ ಸತ್ತಾಗ ಪ್ರವಾದಿ(ಸ)ರು ಅವನ ದುಃಖವನ್ನು ಗಮನಿಸಿ, ಹಕ್ಕಿಯ ಬಗ್ಗೆ ಕೇಳಿ ಅವನನ್ನು ಮಾತನಾಡಿಸಿದರು. ಅರೇಬಿಯದ ಎಲ್ಲ ಕೆಲಸಗಳ ನಡುವೆ ಅವರಿಗೆ ಒಂದು ಮಗುವಿನ ಹಕ್ಕಿಗೆ ಸಮಯವಿತ್ತು. “ಇನ್ನೊಂದು ತಂದರಾಯಿತು” ಎಂದು ಹೇಳುವ ಹಿರಿಯರು ಮಗುವಿಗೆ ಏನನ್ನು ಕಲಿಸುತ್ತಿದ್ದಾರೆ? ಕಾಯಿಲೆ ಬಿದ್ದವರನ್ನು ಬದಲಿಸಬಹುದು ಎಂಬುದನ್ನು. ಆ ಪಾಠ ಮೀನಿಗೆ ಮಾತ್ರ ನಿಲ್ಲುವುದಿಲ್ಲ. ನಾಳೆ ಹಾಸಿಗೆ ಹಿಡಿಯುವವರು ನಾವೇ.

ಆದ್ದರಿಂದ ಸಹೋದರ ಸಹೋದರಿಯರೇ, ಮುಂದಿನ ಈದಿಯ ಹಣ ಮಕ್ಕಳ ಕೈಸೇರುವ ಮುನ್ನ ಅವರೊಂದಿಗೆ ಕುಳಿತು ಮಾತನಾಡಿರಿ. ಚೆನ್ನಾಗಿ ನೋಡಿಕೊಂಡ ಗೋಲ್ಡ್ ಫಿಶ್ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಅಷ್ಟು ವರ್ಷ ವಾರಕ್ಕೊಮ್ಮೆ ನೀರು ಬದಲಿಸುವವರು ಯಾರು, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ಕಾಯಿಲೆ ಬಿದ್ದರೆ ಖರ್ಚು ಎಲ್ಲಿಂದ ಎಂಬುದು ಇತ್ಯರ್ಥವಾದರೆ ಸಂತೋಷದಿಂದ ತನ್ನಿರಿ. ಇತ್ಯರ್ಥವಾಗದಿದ್ದರೆ ಅಂಗಳದಲ್ಲಿ ಒಂದು ಮಣ್ಣಿನ ಬಟ್ಟಲಲ್ಲಿ ನೀರಿಡಿರಿ. ಬಂದು ಕುಡಿದು ಹಾರಿಹೋಗುವ ಗುಬ್ಬಚ್ಚಿಯ ಬಾಯಾರಿಕೆ ತಣಿಸುವುದರಲ್ಲೂ ಪ್ರತಿಫಲವಿದೆ. ನಮ್ಮ ವಶದಲ್ಲಿರುವ ಪ್ರತಿಯೊಂದು ಜೀವದ ಹಕ್ಕನ್ನು ಸಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.